ಅಂಗೈಗೆ ಹೂವಿನ ಸಾರ

ಸೊಸೆ ಬೆರಳಿಗೆ ಮುಲಾಮು ತೆಗೆದುಕೊಂಡದ್ದೇ ತಡ, ಮಾವ ಕೈ ಹಿಂದಕ್ಕೆಳೆದುಕೊಂಡರು. ಗಾರೆ ಕೆಲಸದ ಸಿಮೆಂಟಿಗೆ ಬಿರಿದು ಸೀಳಿಹೋಗಿದ್ದ ಅಂಗೈ ಅದು. ಹೋದ ವಾರ ಮೊಮ್ಮಗಳ ಕೆನ್ನೆ ಸವರಿದಾಗ ಕೂಸು ಕಿಟಾರನೆ ಕಿರುಚಿತ್ತು. ಅಂದಿನಿಂದ ಅವರು ತೊಟ್ಟಿಲ ಹತ್ತಿರ ಸುಳಿದಿರಲಿಲ್ಲ.

“ಹೆಂಗಸರು ಹಚ್ಚಿಕೊಳ್ಳೋದೆಲ್ಲ ನನಗ್ಯಾಕಮ್ಮಾ?”

“ನಾನೇ ಮಾಡಿದ್ದು ಮಾವ. ಚೆಂಡುಹೂವಿನ ಎಸಳು ಎಣ್ಣೇಲಿ ನೆನೆಸಿ ಸಾರ ಇಳಿಸಿದ್ದು. ಘಮಘಮ ಅನ್ನಲ್ಲ, ಉರಿ ಆರುತ್ತೆ ಅಷ್ಟೇ.”

ಕ್ರೀಮು ಮಾಡುವವರಿಗೆ ಹೂವಿನ ಸಾರ ತೆಗೆದುಕೊಡುವುದೇ ಅವಳ ಕಸುಬು. ಒಂದೊಂದು ಬಿರುಕಿಗೂ ಮೆಲ್ಲಗೆ ಹಚ್ಚಿದಳು. ಮಾವ ಮೊದಲು ಹಲ್ಲು ಕಚ್ಚಿದರು, ಆಮೇಲೆ ಹಾಯೆನಿಸಿ ಕಣ್ಣು ಮುಚ್ಚಿದರು.

“ಕೈ ನುಣ್ಣಗಾಗೋಕೆ ಎಷ್ಟು ದಿನ ಬೇಕಮ್ಮಾ? ಆಮೇಲೆ ಅವಳನ್ನ ಮುಟ್ಟಬಹುದಲ್ಲ?”

ಸೊಸೆಯ ಕೈ ಅಲ್ಲೇ ನಿಂತಿತು. ಅವಳು ಎದ್ದು ಹೋಗಿ ಕೂಸನ್ನು ತಂದು ಅವರ ತೋಳಿಗೆ ಹಾಕಿದಳು.

“ಮುಲಾಮು ನಿಮ್ಮ ಉರಿಗೆ ಮಾವ. ಇವಳನ್ನ ಎತ್ಕೊಳ್ಳೋಕೆ ಅದರ ಹಂಗ್ಯಾಕೆ? ಅವತ್ತು ಹಸಿವಿಗೆ ಅತ್ತಳು, ಅಷ್ಟೇ.”

ಕೂಸು ಬಾಯ್ತುಂಬ ಆಕಳಿಸಿ, ಆ ಒರಟು ಅಂಗೈಗೇ ತಲೆಯೊತ್ತಿತು. ಮಾವ ಅಲುಗಾಡಲೂ ಹೆದರಿ ಕುಳಿತರು.

“ಮಲಗೇಬಿಟ್ಲಲ್ಲಮ್ಮಾ...” ಎಂದು ಪಿಸುಗುಟ್ಟಿದರು.