ಪದಕದ ಬೆನ್ನು

ಅಬ್ದುಲ್ ಸಮದ್ ಚಿಮಟದಿಂದ ಬೆಸುಗೆಗೆ ಅಡ್ಡವಾಗಿದ್ದ ಪದಕದ ಹಿಂದಿನ ತಗಡನ್ನು ಎಬ್ಬಿಸಿದ್ದೇ ತಡ, ಒಳಗಿನಿಂದ ಒಬ್ಬ ಗಂಡಸಿನ ಮುಖ ಹೊರಬಿತ್ತು. ಲೀಲಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

ಕೊಲ್ಲಿ ಯುದ್ಧ ಮುಗಿದ ಮರುವರ್ಷ. ಮುರಿದ ಕೊಂಡಿಗೆ ಬೆಸುಗೆ ಹಾಕಿಸಲೆಂದಷ್ಟೇ ಅವರು ಸೌದಿಯ ಅಲ್ ಖೋಬರಿನ ಈ ಚಿನ್ನದಂಗಡಿಗೆ ಬಂದಿದ್ದರು. ಊರಿನಲ್ಲಿ ನಡೆಯಲಿದ್ದ ಮದುವೆಯಲ್ಲಿ ಪದಕ ಮಗಳ ಕೊರಳೇರಬೇಕಿತ್ತು. ಅಜ್ಜಿಯ ಕಾಲದಿಂದ ಕಾಣುತ್ತಿದ್ದುದು ಪೀಠದ ಮೇಲೆ ಕುಳಿತು ಕೈಯಲ್ಲಿ ಹೂ ಹಿಡಿದ ಲಕ್ಷ್ಮಿ ಮಾತ್ರ. ಗೆರೆಗಳ ಸಂದಿಯಲ್ಲಿ ಕುಂಕುಮ ಇನ್ನೂ ಕೆಂಪಗೆ ಕೂತಿತ್ತು.

“ಇದು ರೋಮ್ ದೇಶದ ರಾಜ, ಅಕ್ಕ. ತಲೆಗೆ ಎಲೆಯ ಕಿರೀಟ ನೋಡಿ. ತುಂಬಾ ಹಳೇ ನಾಣ್ಯಕ್ಕೇ ಕಟ್ಟು ಹಾಕಿ ಪದಕ ಮಾಡಿದ್ದಾರೆ,” ಎಂದ ಉಳ್ಳಾಲದ ಸಮದ್.

“ಹಾಗಾದ್ರೆ ಈ ಹೆಂಗಸು ಯಾರು ಮಾರಾಯ? ಇಷ್ಟು ವರ್ಷ ನಾವು ಪೂಜೆ ಮಾಡಿದ್ದು ಯಾರಿಗೆ? ಗುರುತಿಲ್ಲದವರನ್ನು ಮಗಳ ಕುತ್ತಿಗೆಗೆ ಹೇಗೆ ಹಾಕುವುದು?”

ಪಕ್ಕದಲ್ಲಿ ಬಳೆ ನೋಡುತ್ತಿದ್ದ ಸೌದಿ ಮುದುಕಿಗೆ ಕುತೂಹಲ ತಡೆಯಲಾಗಲಿಲ್ಲ. ಸಮದ್ ಅರಬಿಯಲ್ಲಿ ಸಂಗತಿ ಹೇಳಿದ. ಆಕೆ ನಾಣ್ಯವನ್ನು ಅಂಗೈಗೆ ಹಾಕಿಕೊಂಡು ರಾಜನನ್ನು ನೋಡಿದಳು, ಮಗುಚಿ ಹೆಂಗಸನ್ನು ನೋಡಿದಳು, ಮುಸುಕಿನೊಳಗೇ ನಕ್ಕು ಏನೋ ಅಂದಳು.

“ಎಂತ ಹೇಳಿದ್ರು?”

“ಅವನ ತಾಯಿಯಂತೆ ಅಕ್ಕ. ಮಗ ಎಷ್ಟು ದೊಡ್ಡ ರಾಜ ಆದ್ರೂ ಬೆನ್ನ ಹಿಂದೆ ಬೇರೆ ಯಾರು ಕೂತ್ಕೊಳ್ತಾರೆ ಅಂತ ಕೇಳ್ತಿದ್ದಾರೆ.”

ಲೀಲಮ್ಮ ನಾಣ್ಯವನ್ನು ಕಣ್ಣಿಗೊತ್ತಿಕೊಂಡರು. ಸಮದ್ ಮತ್ತೆ ತಗಡಿಗೆ ಕೈ ಹಾಕಿದಾಗ ತಡೆದರು.

“ಅದು ಬೇಡ. ಮಗನೂ ಸ್ವಲ್ಪ ಬೆಳಕು ನೋಡಲಿ.”