ಪಾರ್ಕಿಂಗ್ ಜಾಗದಲ್ಲಿ ಏಳುವ ಮನೆಗಳು

"ನಾನೂ ನನ್ನ ಮಗಳೂ ಆ ಪಾರ್ಕಿಂಗ್ ಜಾಗದಲ್ಲೇ, ಕಾರಿನೊಳಗೆ ಮಲಗ್ತೀವಿ. ಅಲ್ಲಿ ಮನೆ ಕಟ್ಟಿದ್ರೆ ನಮಗೂ ಒಂದು ಸಿಗಬಹುದು" ಎಂದು ಶರ್ಲೀನ್ ನಗರಸಭೆಯ ಮೈಕಿನ ಮುಂದೆ ಹೇಳಿದಾಗ ವರ್ನಾ ಥಟ್ಟನೆ ಅವಳತ್ತ ತಿರುಗಿದಳು. ಶರ್ಲೀನ್ ಅವಳ ಹೋಟೆಲಿನಲ್ಲೇ ತಿಂಡಿ ಬಡಿಸುವವಳು. ದಿನವೂ ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿರುತ್ತಾಳೆಂದು ವರ್ನಾ ಅವಳನ್ನು ಎಷ್ಟು ಹೊಗಳಿದ್ದಳು!

ಮುಂದಿನ ಸರದಿ ವರ್ನಾಳದು. ಪೇಟೆ ನಡುವಿನ ಆ ಸರ್ಕಾರಿ ಜಾಗದಲ್ಲಿ ಕಾರು ನಿಲ್ಲಿಸಿ ಬರುವ ಮುದುಕರಿಂದಲೇ ಅವಳ ಹೋಟೆಲು ನಡೆಯುತ್ತಿತ್ತು. ಅಲ್ಲಿ ಮನೆ ಕಟ್ಟುವ ಯೋಜನೆ ಬೇಡ ಎನ್ನಲು ಬೀದಿಯ ಅಂಗಡಿಯವರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ಈಗ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ಕಟ್ಟಿ" ಎಂದಳು. "ಆ ಮಗು ಕಾರಲ್ಲಿ ಮಲಗೋದು ಬೇಡ."

"ಅಯ್ಯೋ, ನಮ್ಮನ್ನೆಲ್ಲ ಮುಳುಗಿಸಿದ್ಯಲ್ಲೇ!" ಎಂದು ಕ್ಷೌರದಂಗಡಿಯ ಡೆಲ್ಬರ್ಟ್ ಹಿಂದಿನಿಂದ ಕೂಗಿದ. ಯೋಜನೆ ಪಾಸಾಯಿತು.

ಸಭೆ ಮುಗಿದೊಡನೆ ಶರ್ಲೀನ್ ಓಡಿಹೋಗಿ ಆ ಮನೆಗಳನ್ನು ಕಟ್ಟಲಿರುವ ಕಂಪನಿಯವನನ್ನು ತಡೆದಳು. "ಸರ್, ಮನೆಗೆ ಯಾರನ್ನ ಕೇಳ್ಬೇಕು?"

ಅವನು ಅವಳ ಸವೆದ ಕೋಟು ನೋಡಿ ದನಿ ತಗ್ಗಿಸಿದ. "ಕಮ್ಮಿ ಬಾಡಿಗೆ ಮನೆ ಇದ್ರಲ್ಲಿ ಇಲ್ಲಮ್ಮ. ಇದು ಡಾಕ್ಟರು, ವಕೀಲರಿಗೆ ಅಂತ ಕಟ್ತಿರೋದು."

ಬೆನ್ನ ಹಿಂದೆಯೇ ನಿಂತಿದ್ದ ವರ್ನಾಗೆ ಎಲ್ಲವೂ ಕೇಳಿಸಿತ್ತು. ಅವಳು ಶರ್ಲೀನಳ ಕೈ ಹಿಡಿದುಕೊಂಡಳು.

ಶರ್ಲೀನ್ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಇನ್ನು ಕಾರು ನಿಲ್ಸೋಕೂ ಜಾಗ ಇಲ್ಲ, ವರ್ನಾ" ಎಂದಳು.