ಕಂಡಷ್ಟೇ

"ಮಗುನ ಕಾರಲ್ಲೇ ಬಿಟ್ಟು ಬಂದಿದ್ದೀನಿ. ನೀವು ಹೇಳೋದು ಕೇಳಿ ಆಮೇಲೆ ನೋಡ್ತೀನಿ, ಒಳಗೆ ಕರೀಬೇಕೋ, ಹಾಗೇ ವಾಪಸ್ ಹೊರಟುಬಿಡಬೇಕೋ ಅಂತ," ಎಂದು ನರ್ಸಿನ ಅಕ್ಕ ಬೆಂಚಿನ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದುಬಿಡುವವಳ ಹಾಗೆ ಕೂತಳು. ಎದುರಿಗೆ ಟೈಲರಮ್ಮ. ಗೇಟಿನಾಚೆ, ರಸ್ತೆಯ ಆ ಬದಿಗೆ ನಿಂತ ಕಾರಿನಲ್ಲಿ ನರ್ಸಿನ ಏಳು ವರ್ಷದ ಮಗಳು ದೊಡ್ಡಪ್ಪನ ಪಕ್ಕ ಕೂತು ಕಿಟಕಿಗೆ ಮೂಗು ಒತ್ತಿದ್ದಳು.

ನರ್ಸು, ಟೈಲರಮ್ಮನ ಹಾಗೆ ಚಟ ಬಿಡಲೆಂದು ಬಂದ ಹೆಂಗಸರು ಒಟ್ಟಿಗೆ ಬಾಳುವ ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಯಾರದೇ ಮನೆಯವರು ಮೊದಲ ಸಲ ಬಂದಾಗ ಅವರ ಮುಂದೆ ಕೂರುವವಳು ಅವರ ಮಗಳೂ ಅಲ್ಲ, ತಂಗಿಯೂ ಅಲ್ಲ. ಜೊತೆಗೆ ವಾಸವಿರುವ ಇನ್ನೊಬ್ಬಳು. ಆಣೆ ಪ್ರಮಾಣ ಕೇಳಿ ಕೇಳಿ ಸವೆದ ಕಿವಿಗಳು ಅವು, ಸ್ವಂತದವಳ ಮಾತು ಒಳಗಿಳಿಯುವುದಿಲ್ಲ. ಆದ್ದರಿಂದ ಅವಳ ಪರವಾಗಿ ಬೇರೊಬ್ಬಳು ಮಾತಾಡಬೇಕು. ಅದೂ ಕಣ್ಣಾರೆ ಕಂಡಷ್ಟನ್ನೇ. ಮುಂದೆ ಹೀಗಾದಾಳು, ಹಾಗಾದಾಳು ಎನ್ನುವಂತಿಲ್ಲ, ಅವರು ಕೇಳಿದ ಪ್ರಶ್ನೆಗೆ ನಿಜ ಮುಚ್ಚಿಡುವಂತಿಲ್ಲ. ಟೈಲರಮ್ಮನಿಗೆ ಇದು ಮೊದಲ ಸರದಿ. ಕುಡಿತದ ದಿನಗಳಲ್ಲಿ, ಕತ್ತರಿಯನ್ನೇ ಕಾಣದ ಬಟ್ಟೆಯ ಬಗ್ಗೆ "ಗುಂಡಿ ಒಂದು ಹಾಕೋದಿದೆ, ನಾಳೆ ಬನ್ನಿ" ಎಂದು ಊರಿಗೆಲ್ಲ ಕಥೆ ಕಟ್ಟಿದ ನಾಲಿಗೆ ಅವಳದು. ಕಂಡಷ್ಟೇ ಹೇಳುವುದು ಅದಕ್ಕೆ ಹೊಸ ಕಸುಬು.

"ಅಂಗಳ ಗುಡಿಸೋದು ನಿಮ್ಮ ತಂಗಿ ಪಾಲಿನ ಕೆಲಸ," ಎಂದು ಶುರು ಮಾಡಿದಳು. "ಮೂಲೆಮೂಲೇನೂ ಗುಡಿಸ್ತಾಳೆ. ನಮ್ಮ ಥರ ಕಸಾನ ಚಾಪೆ ಕೆಳಗೆ ತಳ್ಳಲ್ಲ."

"ಮನೇಲೂ ಗುಡಿಸ್ತಿದ್ಲು. ಗುಡಿಸ್ತಾ ಗುಡಿಸ್ತಾನೇ ನಮ್ಮ ಕಣ್ಣಿಗೆ ಮಣ್ಣೆರಚಿದ್ದು." ಅಕ್ಕನ ದನಿ ಬಿಗಿಯಾಗಿತ್ತು. "ಒಳ್ಳೇದೆಲ್ಲ ಬೇಡ. ಆಸ್ಪತ್ರೆಯಿಂದ ನೋವಿನ ಮಾತ್ರೆ ಕದ್ದು ಕದ್ದು ನುಂಗಿ ಕೆಲಸ ಕಳ್ಕೊಂಡವಳು ಅವಳು. ಇಲ್ಲಿಗೆ ಬಂದ್ಮೇಲೆ ಮುಟ್ಟಿದಾಳಾ? ಅದೊಂದು ಹೇಳಿ ಸಾಕು."

ಟೈಲರಮ್ಮ ಗೇಟಿನಾಚೆಯ ಕಾರಿನತ್ತ ನೋಡಿದಳು. ಇಲ್ಲ ಎಂದರೆ ಮುಗಿಯಿತು, ಮಗು ಒಳಗೆ ಬರುತ್ತದೆ. ಬುಧವಾರದ್ದು ಹೇಳಿದರೆ ಕಾರು ತಿರುಗಿಕೊಂಡು ಹೋಗುತ್ತದೆ. ಅಡುಗೆಮನೆಯ ಬಾಗಿಲ ಹಿಂದೆ ನರ್ಸು ಉಸಿರು ಹಿಡಿದು ನಿಂತಿರುವುದು ಅವಳಿಗೆ ಗೊತ್ತು. ಬೆಳಿಗ್ಗೆ ಎದುರಾದಾಗ ಹೀಗೆ ಹೇಳಿ, ಹಾಗೆ ಹೇಳಿ ಎನ್ನದೆ ಸುಮ್ಮನೆ ಕೈ ಮುಗಿದಿದ್ದಳು. ಭಗವಂತಾ, ಕೊಟ್ಟ ನಾಲಿಗೆ ನಿನ್ನದು, ಇವತ್ತೊಂದು ದಿನ ನೀನೇ ಆಡಿಸಪ್ಪಾ ಎಂದುಕೊಂಡಳು ಟೈಲರಮ್ಮ.

"ಮುಟ್ಟಿದ್ಲು," ಎಂದಳು. "ಮೊನ್ನೆ ಬುಧವಾರ. ಇಲ್ಲೊಬ್ಬ ಅಜ್ಜಿ ಇದೆ, ಮಂಡಿ ನೋವಿಗೆ ಅಂತ ವಾರ್ಡನ್ ಮಾತ್ರೆ ಕೊಟ್ಟಿದ್ರು. ಅಜ್ಜಿ ಸ್ನಾನಕ್ಕೆ ಹೋದಾಗ ಎರಡು ಎತ್ಕೊಂಡ್ಲು."

ಅಕ್ಕ ಎದ್ದೇಬಿಟ್ಟಳು. "ನನಗೆ ಗೊತ್ತಿತ್ತು."

"ಕೂತ್ಕೊಳ್ಳಿ ತಾಯಿ. ನಾನು ಕಂಡಿದ್ದು ಇನ್ನೂ ಮುಗಿದಿಲ್ಲ." ಟೈಲರಮ್ಮ ಬೆಂಚು ತಟ್ಟಿದಳು. ಅಕ್ಕ ಕೂರಲಿಲ್ಲ, ಹೋಗಲೂ ಇಲ್ಲ. "ನಾನು ಮಿಷನ್ ತುಳೀತಾ ಇದ್ದೆ. ಪಕ್ಕಕ್ಕೆ ಬಂದು ನಿಂತ್ಲು, ಬಲಗೈ ಮುಷ್ಟಿ ಕಟ್ಕೊಂಡು. 'ಇದರಲ್ಲಿ ಎರಡು ಮಾತ್ರೆ ಇದೆ ಕಣಮ್ಮಾ. ಕೈ ಬಿಡಿಸೋಕೆ ನನ್ನಿಂದ ಆಗ್ತಿಲ್ಲ, ನೀನೇ ಬಿಡಿಸು' ಅಂದ್ಲು. ಕಿರುಬೆರಳಿಂದ ಶುರು ಮಾಡಿದೆ. ಒಂದು ಬಿಡಿಸಿದ್ರೆ ಇನ್ನೊಂದು ಮಡಚ್ಕೊಳ್ತಿತ್ತು. ಅಬ್ಬಾ, ಏನು ಪಟ್ಟು ಅಂತೀರಿ! ನಾನು ಬೈತಿದ್ದೆ, ಅವಳು ಅಳ್ತಾ ಅಳ್ತಾನೇ ನಗ್ತಿದ್ಲು. ಕಾಲು ಗಂಟೆ ಹಿಡೀತು. ಮಾತ್ರೆ ಬೆವರಿಗೆ ಕರಗಿ ಅಂಗೈಗೆ ಅಂಟಿಬಿಟ್ಟಿತ್ತು. ಇಬ್ಬರೂ ಹೋಗಿ ನಲ್ಲಿ ಕೆಳಗೆ ತೊಳೆದ್ವಿ. ಆಮೇಲೆ ಅವಳೇ ಹೋಗಿ ಅಜ್ಜಿಗೆ ಹೇಳಿದ್ಲು, ವಾರ್ಡನ್‌ಗೂ ಹೇಳಿದ್ಲು. ಅಜ್ಜಿ ಎರಡು ದಿನ ಮಾತು ಬಿಟ್ಟಿತ್ತು. ಇಷ್ಟೇ ನಾನು ಕಂಡಿದ್ದು. ನಾಳೆ ಏನೋ, ನನಗೆ ಗೊತ್ತಿಲ್ಲ."

ಎಲ್ಲಿಂದಲೋ ಬಂದ ಗಾಳಿ ಒಣಹಾಕಿದ ಹೊದಿಕೆಗಳನ್ನು ಮೆಲ್ಲಗೆ ಎತ್ತಿ ಇಳಿಸಿತು.

"ಆರು ವರ್ಷ ಕೇಳಿದ್ದೀನಿ ಅವಳನ್ನ," ಎಂದಳು ಅಕ್ಕ, ತನಗೇ ಹೇಳಿಕೊಳ್ಳುವಂತೆ. "ಒಂದು ದಿನಾನಾದ್ರೂ ಕೈ ಮುಂದೆ ಚಾಚಲಿಲ್ಲ. 'ಏನಿಲ್ಲ ಅಕ್ಕಾ, ಏನಿಲ್ಲ' ಅಂತಿದ್ಲು." ಸೆರಗಲ್ಲಿ ಮುಖ ಒರೆಸಿಕೊಂಡು ಗೇಟಿನವರೆಗೂ ನಡೆದು ಹೋಗಿ ಕೈ ಬೀಸಿದಳು.

ದೊಡ್ಡಪ್ಪನ ಕೈ ಹಿಡಿದು ರಸ್ತೆ ದಾಟಿದ ಮಗು ಗೇಟಿನೊಳಗೆ ಕಾಲಿಟ್ಟದ್ದೇ ತಡ, ಓಡಿತು. ಒಳಗೆ ಯಾವುದೋ ಪಾತ್ರೆ ನೆಲಕ್ಕೆ ಬಿದ್ದು ಗಿರಗಿರ ತಿರುಗಿ ನಿಂತ ಸದ್ದು ಕೇಳಿತು. ಆಮೇಲೆ ಯಾವ ಸದ್ದೂ ಇಲ್ಲ.

ಅಕ್ಕ ಒಳಗೆ ಹೋಗಲಿಲ್ಲ. ಬೆಂಚಿಗೇ ವಾಪಸಾಗಿ ಈ ಸಲ ಒರಗಿ ಕೂತಳು. "ಅವರಿಬ್ಬರೇ ಇರ್ಲಿ ಸ್ವಲ್ಪ ಹೊತ್ತು. ನಿಮ್ಮ ಪರವಾಗಿ ಯಾರು ಮಾತಾಡಿದ್ರು?"

"ನಂಗಾ?" ಟೈಲರಮ್ಮ ನಕ್ಕಳು. "ಕೇಳೋಕೆ ಯಾರಾದ್ರೂ ಬಂದ್ರಲ್ವಾ ತಾಯಿ ಮಾತಾಡೋದು! ನಾನಿಲ್ಲಿಗೆ ಬಂದು ಹನ್ನೊಂದು ತಿಂಗಳಾಯ್ತು. ಒಬ್ಬ ಮಗ ಇದ್ದಾನೆ. ನನ್ನ ದನಿ ಕೇಳಿದ್ರೆ ಫೋನ್ ಇಟ್ಟುಬಿಡ್ತಾನೆ. ಅವನ ಮದುವೆ ಬಟ್ಟೆನೇ ಹೊಲಿದು ಕೊಡದ ತಾಯಿ ನಾನು, ಇಡದೆ ಇನ್ನೇನು ಮಾಡ್ತಾನೆ?"

ಅಕ್ಕ ಕೈಚೀಲದಿಂದ ಪೆನ್ನು ತೆಗೆದಳು, ಹಳೆಯ ಲಕೋಟೆಯೊಂದನ್ನು ಮಂಡಿಯ ಮೇಲೆ ನೇರ ಮಾಡಿಕೊಂಡಳು.

"ಅವನ ಮನೆ ಎಲ್ಲಿದೆ, ಹೇಳಿ."

"ಯಾಕಮ್ಮ?"

"ಇಷ್ಟು ಹೊತ್ತು ನಾನೂ ನಿಮ್ಮನ್ನ ನೋಡಿದ್ದೀನಿ. ಹೋಗಿ ನೋಡಿದ್ದಷ್ಟನ್ನೇ ಹೇಳ್ತೀನಿ."

ಟೈಲರಮ್ಮ ಬಾಯಿ ತೆರೆದಳು. ಮಗನ ಬೀದಿಯ ಹೆಸರೊಂದು ಹೊರಬರಲು ಅವಳು ನಾಲ್ಕು ಸಲ ಉಸಿರೆಳೆದುಕೊಳ್ಳಬೇಕಾಯಿತು.